ಹುಳುಮನೆಯೊಳಗೆ ಕಂಡ ಕಡಲು

"ಬೇಗ ತೋರ್ಸಿ... ಅಮ್ಮ ಸೊಪ್ಪು ತರೋಕೆ ಹೋಗಿದ್ದಾಳೆ, ಬಂದ್ಬಿಡ್ತಾಳೆ."

ರೇಷ್ಮೆ ಸಾಕುವ ಹುಳುಮನೆಯ ಬಾಗಿಲಿನ ಪರದೆ ಸರಿಸಿ ರಂಜಿತಳೇ ಅವನನ್ನು ಒಳಗೆ ಕರೆದಳು. ನಿಶ್ಚಿತಾರ್ಥವಾದ ಮೇಲೆ ಕದಿರೇಶನ ಜೊತೆ ಅವಳು ಒಬ್ಬಳೇ ನಿಂತದ್ದು ಅದೇ ಮೊದಲು.

ಮಾಲೂರಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ ಕದಿರೇಶ ಮೊಬೈಲಿನಲ್ಲಿ ಮಾರಿಷಸ್ ತೋರಿಸಿದ. ಮದುವೆಯಾದ ಮೇಲೆ ಅಲ್ಲಿ ಎಲ್ಲಿ ಉಳಿಯುವುದು, ಯಾವ ದಂಡೆಗೆ ಮೊದಲು ಹೋಗುವುದು, ಅವಳ ಪಾಸ್‌ಪೋರ್ಟಿಗೆ ಏನೇನು ಬೇಕು... ಎಲ್ಲವನ್ನೂ ಯೋಚಿಸಿಟ್ಟಿದ್ದ. ಕಡಲನ್ನೇ ಕಾಣದ ರಂಜಿತ ಆ ನೀಲಿಯ ಮೇಲೆ ಬೆರಳಿಟ್ಟಳು. ಅವನ ಶರ್ಟಿನಿಂದ ಸೆಂಟಿನ ವಾಸನೆ ಹಿತವಾಗಿ ಬರುತ್ತಿತ್ತು.

ಹಿತವಾಗಿ... ಆಮೇಲೆ ಅದನ್ನು ನೆನೆದು ಅವಳು ಎಷ್ಟು ಅತ್ತಳೋ.

ರೇಷ್ಮೆಹುಳುವಿಗೆ ಸೆಂಟು ಆಗದು ಎಂಬುದು ಅವಳೂರು ಹುತ್ತೂರಿನ ಮಕ್ಕಳಿಗೂ ಗೊತ್ತು. ಇನ್ನೇನು ಗೂಡು ಕಟ್ಟಬೇಕಿದ್ದ ಹುಳುಗಳು ಮಾರನೆಯ ದಿನ ಸೊಪ್ಪು ಮುಟ್ಟಲಿಲ್ಲ. ತಲೆಯೆತ್ತಿ ಒದ್ದಾಡಿ, ಹಸಿರು ಕಕ್ಕಿ ದಿನಕ್ಕಿಷ್ಟು ಸತ್ತವು.

ಸತ್ತ ಹುಳುಗಳನ್ನು ಬಿದಿರಿನ ಮಂಕರಿಗೆ ತುಂಬುತ್ತ ತಾಯಿ ಮುನಿಶಾಮಮ್ಮ ಹೇಳಿದಳು: "ಆ ಹುಡುಗ ಬಂದು ಅಂಗಳದಲ್ಲಿ ಕೂತು ಹೋದ ಮಾರನೇ ದಿನವೇ ಹುಳು ಸೊಪ್ಪು ಬಿಟ್ವು, ಅವನ ಕಾಲ್ಗುಣ ಸರಿಯಿಲ್ಲ ಕಣೇ. ಈ ಸಂಬಂಧ ಬೇಡ."

ರಂಜಿತ ತಲೆ ತಗ್ಗಿಸಿ ಹುಳು ಬಾಚುತ್ತ ಯೋಚಿಸಿದಳು. 'ನಿಜ ಹೇಳಿದರೆ ಬೆಳೆ ಕೊಂದವನಾಗುತ್ತಾನೆ. ಹೇಳದಿದ್ದರೆ ಅಪಶಕುನದವನಾಗುತ್ತಾನೆ. ಎರಡರಲ್ಲೂ ಅವನನ್ನು ಕಳೆದುಕೊಳ್ಳುವವಳು ನಾನೇ...'

ಅವನ ಫೋನ್ ಎತ್ತುವುದನ್ನೇ ಬಿಟ್ಟಳು. ಏನೂ ತಿಳಿಯದ ಅವನು ದ್ವೀಪದ ಚಿತ್ರಗಳನ್ನು ಕಳಿಸುತ್ತಲೇ ಇದ್ದ. ಕೊನೆಗೊಂದು ಸಂಜೆ ಚಿತ್ರವಿಲ್ಲದೆ ಮಾತು ಬಂತು: 'ನಿಂಗೆ ಇಷ್ಟ ಇಲ್ದೇ ಇರೋದು ಮಾರಿಷಸ್ಸಾ, ನಾನಾ?'

ಭಾನುವಾರ ಅವನೇ ಬಂದ. ತೋಟದಂಚಿನಲ್ಲಿ ತಾಯಿ ಮಗಳು ಕೊನೆಗೆ ಸತ್ತ ಹುಳುಗಳನ್ನು ಗುಂಡಿಗೆ ಸುರಿದು ಸುಣ್ಣ ಚೆಲ್ಲುತ್ತಿದ್ದರು. ಮುನಿಶಾಮಮ್ಮ ಅವನನ್ನು ಕೂರಲೂ ಹೇಳಲಿಲ್ಲ. ಹಿರಿಯರ ಕೈಲಿ ಉಂಗುರ ವಾಪಸ್ ಕಳಿಸುತ್ತೇವೆ, ನೀನು ಕಾಲಿಟ್ಟ ಮರುದಿನವೇ ಮನೆ ಹೀಗಾಯಿತು ಎಂದಳು. ಕದಿರೇಶ ತಲೆ ತಗ್ಗಿಸಿ ಹೊರಡಲು ತಿರುಗಿದ.

"ಕಾಲ್ಗುಣ ಅಲ್ಲಮ್ಮ." ರಂಜಿತ ಸುಣ್ಣದ ಕೈಯಲ್ಲೇ ಎದ್ದು ನಿಂತಳು. "ಸೆಂಟು. ಅವರಿಗೆ ಗೊತ್ತಿರ್ಲಿಲ್ಲ, ನಂಗೆ ಗೊತ್ತಿತ್ತು. ಒಳಗೆ ಕರೆದವಳು ನಾನು."

ಮುನಿಶಾಮಮ್ಮ ಮಂಕರಿ ಅಲ್ಲೇ ಬಿಟ್ಟು ಮನೆಯೊಳಗೆ ನಡೆದಳು.

ಹೊರಟಿದ್ದ ಕದಿರೇಶ ಅವಳ ಮಾತು ಕೇಳಿ ತಿರುಗಿ ಬಂದ. "ಗೊತ್ತಿದ್ದೂ... ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀವು ಬಾಗಿಲಲ್ಲೇ ನಿಲ್ತಿದ್ರಿ. ನಂಗೆ ನೀವು ಹತ್ರ ಬರೋದು ಬೇಕಿತ್ತು."

ಅವನು ಗುದ್ದಲಿ ಎತ್ತಿಕೊಂಡು ಗುಂಡಿಗೆ ಮಣ್ಣೆಳೆಯತೊಡಗಿದ. ಅವಳು ಪಕ್ಕದಲ್ಲೇ ಕುಳಿತು ಅಳುತ್ತ ಕೈಯಿಂದ ಮಣ್ಣು ತಳ್ಳಿದಳು. ಮುಂದಿನ ಹುಳು ಗೂಡು ಕಟ್ಟುವವರೆಗೆ ದ್ವೀಪದ ಮಾತು ಬೇಡ, ರಜೆ ಸಿಕ್ಕಾಗಲೆಲ್ಲ ಸೊಪ್ಪು ಕೊಯ್ಯಲು ಬರುತ್ತೇನೆ ಎಂದ. ಅವಳು ತಲೆಯಾಡಿಸಿದಳು.

ಒಳಗಿನಿಂದ ಮುನಿಶಾಮಮ್ಮನ ಒರಟು ದನಿ ಬಂತು. "ಅವ್ರಿಗೆ ಕೈಕಾಲಿಗೆ ನೀರು ಕೊಡೇ. ಮುದ್ದೆ ಆರೋಗುತ್ತೆ."

ರಂಜಿತ ಚೊಂಬು ತಂದು ಅವನ ಕೈಗೆ ನೀರು ಹಾಕಿದಳು.

"ಕಡಲು ನೋಡೋಕೆ ಹೋಗ್ಲಿಲ್ಲ ಅಂತ ಬೇಜಾರಾಗಲ್ವಾ ನಿಂಗೆ?"

"ನೀವು ನನ್ನ ಬಿಟ್ಟು ಹೋಗ್ಬಿಡ್ತೀರಾ ಅಂತಲೇ ಸಾಯ್ತಿದ್ದೆ. ಅದರ ಮುಂದೆ ಇದ್ಯಾವ ಬೇಜಾರು..."

"ಇಲ್ಲೇ ಇದ್ದೀನಲ್ಲ. ಅಳ್ಬೇಡ, ನೀರು ಹಾಕು."