ಹ ಇಲ್ಲದ ಹೂಗಾರ

ಶಿವಪುತ್ರನ ಮುತ್ತಜ್ಜ ಗದಿಗೆಪ್ಪ ಹೂಗಾರ ಸಿಂದಗಿ ಕಡೆಯ ಹಳ್ಳಿಯಲ್ಲಿ ಹೆಂಡತಿಯನ್ನೂ ಮಗನನ್ನೂ ಬಿಟ್ಟು ಮುಂಬಯಿಗೆ ಹೋದವನು ತಿರುಗಿ ಬರಲಿಲ್ಲ. ಬಂದರಿನಲ್ಲಿ ಹಮಾಲಿ ಮಾಡುತ್ತಾನೆ, ಅಲ್ಲೇ ಇನ್ನೊಂದು ಸಂಸಾರ ಹೂಡಿದ್ದಾನೆ ಎಂಬ ಸುದ್ದಿ ಬಂದ ದಿನ ಹೆಂಡತಿ ಮಹಾದೇವಿ ಬಾವಿಗೆ ಹಾರಿದಳು. ಹೆಣ ಮೇಲೆತ್ತುವುದನ್ನು ಮಗ ನಿಂಗಣ್ಣ ಕಟ್ಟೆಗೆ ಒರಗಿ ನೋಡಿದ. ಆ ನಿಂಗಣ್ಣ ಬೆಳೆದು ತನ್ನ ಮಗ ಭೀಮರಾಯನನ್ನು ಬಾರುಕೋಲಿನಿಂದ ಹೊಡೆದ. ಭೀಮರಾಯ ತನ್ನ ಮಗ ಶಿವಪುತ್ರನನ್ನು ಬೆಲ್ಟಿನಿಂದ ಹೊಡೆದ. ಒಮ್ಮೆ ಬೆಲ್ಟಿನ ಬಕಲ್ ತಾಗಿ ಎಡಗಿವಿ ಕೆಟ್ಟೇಹೋಯಿತು. ಕುಡಿದಾಗಲೆಲ್ಲ ಅಪ್ಪ ಗದಿಗೆಪ್ಪನ ಬಗ್ಗೆ ಹೇಳುತ್ತಿದ್ದ ಮಾತು ಒಂದೇ: "ಅವ ಮುಂಬೈದಾಗ ಆರಾಮ ಅದಾನ."

ಮುಂದೆ ಶಿವಪುತ್ರನೂ ಮುಂಬಯಿಗೇ ಬಂದ. ವಿಕ್ರೋಳಿಯ ಒಂದು ಕಾರ್ಖಾನೆಯಲ್ಲಿ ವೆಲ್ಡರ್ ಆದ. ಹೆಂಡತಿ ರಾಧಿಕಾಳ ಹಲ್ಲು ಮುರಿಯುವಂತೆ ಹೊಡೆದ; ಅವಳು ತವರಿಗೆ ಹೋದವಳು ಫೋನೂ ಎತ್ತಲಿಲ್ಲ. ಆ ತಪ್ಪನ್ನೂ ಅವನು ಗದಿಗೆಪ್ಪನ ತಲೆಗೇ ಕಟ್ಟಿದ. ಅದಾದ ಮೇಲೆ ಅವನ ವಂಶವನ್ನು ಹುಡುಕಲು ಶುರುಮಾಡಿದ.

ಈ ಊರಿನಲ್ಲಿ ಹೂಗಾರ ಎಂಬ ಹೆಸರು ನೆಟ್ಟಗೆ ಉಳಿಯುವುದಿಲ್ಲವೆಂದು ಅವನಿಗೆ ಅನುಭವದಿಂದಲೇ ಗೊತ್ತಿತ್ತು. ಗೇಟ್‌ಪಾಸಿನಲ್ಲಿ ಅವನು ಹುಗರ್, ಗ್ಯಾಸ್ ಏಜೆನ್ಸಿಯಲ್ಲಿ ಹೋಗಾರೆ. ಬರೆದುಕೊಳ್ಳುವವನ ಕಿವಿಗೆ ಏನು ಬಿತ್ತೋ ಅದೇ ಹೆಸರು. ಹಾಗಾಗಿ ಅವನು ಹೂಗಾರನನ್ನು ಹುಡುಕಲಿಲ್ಲ. ಹುಗರ, ಹುಗಾರೆ, ಊಗರ ಎಂದು ಹುಡುಕಿದ. ಕೊನೆಗೆ ಹ ಅನ್ನೇ ತೆಗೆದುಹಾಕಿದಾಗ ವಡಾಲದ ಹಳೆಯ ಮತದಾರರ ಪಟ್ಟಿಯಲ್ಲಿ ಸಿಕ್ಕ: ಗದಗೆಪ್ಪ ಉಗಾರೆ, ಬಂದರು ಕಾರ್ಮಿಕ. ಅವನ ವಂಶದಲ್ಲಿ ಉಳಿದಿದ್ದವನು ಮೊಮ್ಮಗ ದೇವಾನಂದ ಉಗಾರೆ ಒಬ್ಬನೇ. ಬಟ್ಟೆ ಅಂಗಡಿಯ ಗುಮಾಸ್ತಿಕೆಯಿಂದ ನಿವೃತ್ತನಾಗಿ ಆಂಟಾಪ್ ಹಿಲ್‌ನಲ್ಲಿ ಹೆಂಡತಿಯೊಂದಿಗೆ ಇದ್ದ.

ಶಿವಪುತ್ರ ಅವನನ್ನು ದೂರದಿಂದ ನೋಡುತ್ತ ಬಂದ. ದೇವಾನಂದ ಹೆಂಡತಿಯ ಕೈ ಹಿಡಿದು ರಸ್ತೆ ದಾಟಿಸುತ್ತಿದ್ದ. ತರಕಾರಿಯವಳೊಂದಿಗೆ ನಗುನಗುತ್ತಾ ಚೌಕಾಸಿ ಮಾಡುತ್ತಿದ್ದ. ಎಂದೂ ಪೆಟ್ಟು ತಿನ್ನದ ಮೈ ಅದು ಎಂದು ಶಿವಪುತ್ರನಿಗೆ ಕಂಡಿತು. ಆ ಮೈ ತಿನ್ನಬೇಕಿದ್ದ ಪೆಟ್ಟನ್ನೆಲ್ಲ ತನ್ನ ಮನೆತನ ತಿಂದಿತ್ತು ಎನಿಸಿ ಅವನ ದವಡೆ ಬಿಗಿಯಿತು.

ಕೊಲೆಯಾದರೆ ಪೊಲೀಸರು ಮೊದಲು ಹುಡುಕುವುದು ಹಗೆತನವನ್ನು. ಇಲ್ಲಿ ಹಗೆತನ ಒಂದು ಅಕ್ಷರದ ಹಿಂದೆ ಅಡಗಿತ್ತು. ಹೂಗಾರನಿಗೂ ಉಗಾರೆಗೂ ಏನು ಸಂಬಂಧ? ಇಡೀ ಮುಂಬಯಿಯಲ್ಲಿ ಅದು ಗೊತ್ತಿದ್ದವನು ತಾನೊಬ್ಬನೇ. ಮೇಲಾಗಿ ಅದು ಕೊಲೆಯಂತೆ ಕಾಣುವುದೂ ಇಲ್ಲ. ವಡಾಲದಲ್ಲಿ ಹಳೆಯ ಚಾಳೊಂದನ್ನು ಕೆಡವುತ್ತಿದ್ದರು. ಮುಂಭಾಗದಲ್ಲಿ ಬ್ರೇಕರ್ ಯಂತ್ರದ ಗದ್ದಲ, ಹಿಂಭಾಗ ಪೂರಾ ಖಾಲಿ, ಆ ಕಡೆ ಕ್ಯಾಮೆರಾ ಇರಲಿಲ್ಲ. ಅಲ್ಲಿಯ ಒಂದು ಗೋಡೆಯ ಬುಡವನ್ನು ಅವನು ಮೊದಲೇ ಉಳಿಯಿಂದ ಸಡಿಲಿಸಿಟ್ಟ. ನೂಕಿದರೆ ಬೀಳಬೇಕು, ಅಷ್ಟು.

ಫೋನ್ ಮಾಡಲಿಲ್ಲ, ತನ್ನ ಹೆಸರು ಹೇಳಲಿಲ್ಲ. ಸಂಜೆ ದೇವಾನಂದ ಕೂರುವ ಬೆಂಚಿನ ಪಕ್ಕ ತಾನೂ ಕೂತ.

"ನಿಮ್ಮ ಮನೆತನದ ಹೆಸರು ಮೂಲದಾಗ ಹೂಗಾರ ಅಂತ ಇತ್ರೀ. ನಿಮ್ಮ ಅಜ್ಜನ ಹೆಸರು ಕೆತ್ತಿದ ಕಲ್ಲು ವಡಾಲದ ಚಾಳಿನಾಗ ಐತಿ. ನಾಡಿದ್ದು ಅದನ್ನೂ ಒಡಿತಾರ."

ದೇವಾನಂದ ಅವನ ಮುಖವನ್ನೇ ನೋಡಿದ. "ಭಾಳ ದಿನದಿಂದ ಹುಡುಕಾಕತ್ತೀಯೇನು ತಮ್ಮಾ?"

"ಹೌದ್ರೀ. ನಮ್ಮ ಮಂದೀನೂ ಹಂಗ ಕಳದು ಹೋಗ್ಯಾರ."

"ಆತು. ನಾಳೆ ಮಧ್ಯಾಹ್ನ ಬರ್ತೀನಿ. ಅಲ್ಲೇ ಮಾತಾಡೋಣು."

ಮರುದಿನ ದೇವಾನಂದ ಬೆವರು ಒರೆಸಿಕೊಳ್ಳುತ್ತ ಬಂದ. ಒಡೆದ ಇಟ್ಟಿಗೆಗಳ ಮೇಲೆ ಹುಷಾರಾಗಿ ಕಾಲಿಡುತ್ತ ಗೋಡೆಯ ಹತ್ತಿರ ನಿಂತ. "ತಮ್ಮಾ, ಮೊದಲ ಒಂದು ಮಾತು ಹೇಳಬೇಕು ನಿನಗ" ಎಂದ.

ಶಿವಪುತ್ರ ಹೇಳಗೊಡಲಿಲ್ಲ. ಚೀಲದಿಂದ ತೆಗೆದ ಸುತ್ತಿಗೆ ಹೆಗಲ ಮೂಳೆಗೆ ಬಿತ್ತು. ದೇವಾನಂದ ಮಂಡಿಯೂರಿ ಕುಸಿದ. ಬಾಯಿಂದ ಗಾಳಿ ಬಂತು, ಧ್ವನಿ ಬರಲಿಲ್ಲ. ಎರಡನೆಯ ಏಟಿಗೆ ಕೈ ಅಡ್ಡ ತಂದ. ಬೆರಳುಗಳು ಹಿಂದಕ್ಕೆ ಮಡಚಿಕೊಂಡವು. ಶಿವಪುತ್ರ ಬಗ್ಗಿ ಅವನ ಕಿವಿಯ ಬಳಿ ಎಲ್ಲವನ್ನೂ ಹೇಳಿದ: ಬಾವಿ, ಬಾರುಕೋಲು, ಬೆಲ್ಟು. "ನಿಮ್ಮಜ್ಜ ಬಿಟ್ಟು ಬಂದಿದ್ದು ಇದು. ತಗೋ."

"ನಾವಲ್ಲ..." ದೇವಾನಂದನ ತುಟಿಯಿಂದ ರಕ್ತದ ಗುಳ್ಳೆ ಎದ್ದಿತು. "ನಾವಲ್ಲೋ ತಮ್ಮಾ..."

ಸಾಯುವವರೆಲ್ಲ ಹೀಗೇ ಅನ್ನುತ್ತಾರೆ ಎಂದುಕೊಂಡ ಶಿವಪುತ್ರ. ಮೂರನೆಯ ಏಟು ತಲೆಗೆ. ಬಳಿಕ ಗೋಡೆಯನ್ನು ನೂಕಿದ. ಧೂಳು ಇಳಿಯುವವರೆಗೆ ನಿಂತು, ಹಿಂದಿನ ದಾರಿಯಿಂದ ಹೊರಬಂದು, ಸುತ್ತಿಗೆಯನ್ನು ಖಾಡಿಯ ನೀರಿಗೆ ಎಸೆದು ಲೋಕಲ್ ರೈಲು ಹತ್ತಿದ. ಹಸಿವಾಗಿತ್ತು.

ಗೋಡೆ ಕುಸಿದು ವೃದ್ಧನ ಸಾವು ಎಂದು ಮರುದಿನದ ಸುದ್ದಿಯಲ್ಲಿ ಬಂತು. ಅಲ್ಲಿಗೇ ಬಿಟ್ಟಿದ್ದರೆ ಆಗುತ್ತಿತ್ತು. ಆದರೆ ಆ ಮನೆಯಲ್ಲಿ ಅಳುವುದನ್ನು ಕಿವಿಯಾರೆ ಕೇಳಬೇಕೆಂಬ ಆಸೆ ಅವನಿಗೆ ಮೊದಲಿನಿಂದಲೂ ಇತ್ತು. ಅದಕ್ಕೂ ಯೋಚಿಸಿಟ್ಟಿದ್ದ. ದೇವಾನಂದನಿದ್ದ ಬಟ್ಟೆ ಅಂಗಡಿಯಲ್ಲಿ ಪರಿಚಯವಾಗಿದ್ದ ಗಿರಾಕಿ ಎನ್ನುವುದು. ಹೆಸರು ಮಾತ್ರ ನಿಜವಾದದ್ದನ್ನೇ ಹೇಳುವುದು. ಸುಳ್ಳು ಹೆಸರು ಹೇಳಿದವರೇ ಸಿಕ್ಕಿಬೀಳುವುದು ಎಂದು ಅವನ ಲೆಕ್ಕಾಚಾರ.

ದೇವಾನಂದನ ಹೆಂಡತಿ ಕಸ್ತೂರಿಬಾಯಿ ಗೋಡೆಗೆ ಒರಗಿ ಕೂತಿದ್ದಳು. ಅಳುತ್ತಿರಲಿಲ್ಲ. ಪಕ್ಕದ ಕುರ್ಚಿಯಲ್ಲಿ ಸಬ್ ಇನ್‌ಸ್ಪೆಕ್ಟರ್ ಮನೀಶ್ ಚಹಾ ಹಿಡಿದುಕೊಂಡು, ಇಷ್ಟು ವಯಸ್ಸಾದವರು ಆ ಪಾಳು ಚಾಳಿಗೆ ಯಾಕೆ ಹೋದರು ಎಂದು ಮರಾಠಿಯಲ್ಲಿ ನೆರೆಯವರನ್ನು ಕೇಳುತ್ತಿದ್ದ. ಅವರಲ್ಲಿ ಯಾರಿಗೂ ಗೊತ್ತಿರಲಿಲ್ಲ; ಕಸ್ತೂರಿಬಾಯಿಯನ್ನು ಅವನು ಇನ್ನೂ ಕೇಳಿರಲಿಲ್ಲ. ಶಿವಪುತ್ರ ಹಾರ ಇಟ್ಟು ಕೈ ಮುಗಿದ.

"ಯಾರು ನೀವು?" ಎಂದಳು ಕಸ್ತೂರಿಬಾಯಿ.

"ಅಂಗಡಿಯೊಳಗ ಪರಿಚಯ ಇತ್ರೀ. ಶಿವಪುತ್ರ ಹೂಗಾರ ಅಂತ."

ಅವಳು ತಲೆ ಎತ್ತಿದಳು. "ಹೂಗಾರ?" ಎಂದು ಅವನನ್ನೇ ದಿಟ್ಟಿಸಿದಳು. "ಯಾವನೋ ಪಾಪ, ನಮ್ಮನ್ನ ಹೂಗಾರ ಮನಿತನದವ್ರು ಅಂತ ತಿಳಕೊಂಡಾನ ಅಂದ್ರು ಇವರು. ನಮ್ಮದು ಕೃಷ್ಣಾ ದಂಡಿ ಮ್ಯಾಲಿನ ಉಗಾರ. ಊರಿನ ಹೆಸರ ಇಲ್ಲಿ ಅಡ್ಡಹೆಸರಾತು. ನಮಗೂ ಹೂಗಾರರಿಗೂ ಏನೇನೂ ಸಂಬಂಧಿಲ್ಲ. ಮಂದಿಯೊಳಗ ಹೇಳಿದರ ಅವನ ಮನಸ್ಸಿಗೆ ಹತ್ತತೈತಿ, ವಡಾಲಕ್ಕ ಹೋಗಿ ಒಬ್ಬನಿಗೇ ಹೇಳಿ ಬರ್ತೀನಿ ಅಂತ ಹೋದ್ರು." ಆಮೇಲೆ ಅವಳು ಸಬ್ ಇನ್‌ಸ್ಪೆಕ್ಟರನ ಕಡೆ ತಿರುಗಿ, ಅದನ್ನೇ ಮೊದಲಿನಿಂದ ಮರಾಠಿಯಲ್ಲಿ ಹೇಳತೊಡಗಿದಳು.