ಸರ್ವರ್‌ನಿಂದ ಇಳಿಯದ ದನಿ

ನನ್ನ ಭಾವ ನಮ್ಮ ಆಫೀಸಿನಲ್ಲೇ ಇದ್ದವರು. ಹೆಂಡತಿಯ ಊಟ ವಿಚಾರಿಸುವುದು ಮರೆತುಹೋಗುತ್ತದೆಂದು ಒಂದು ಅಪ್ಲಿಕೇಶನ್ ಬರೆದು ಅಲ್ಲಿನ ಹಳೆಯ ಸರ್ವರ್‌ಗೆ ಏರಿಸಿದ್ದರು. ದಿನಾ ಮಧ್ಯಾಹ್ನ ಅದು ಅಕ್ಕನಿಗೆ ಫೋನ್ ಮಾಡಿ, ಅವರದೇ ದನಿಯಲ್ಲಿ "ಊಟ ಆಯ್ತಾ?" ಎಂದು ಕೇಳಿ ಇಟ್ಟುಬಿಡುತ್ತಿತ್ತು.

ಭಾವ ತೀರಿಕೊಂಡ ಮೇಲೂ ಫೋನ್ ನಿಲ್ಲಲಿಲ್ಲ.

"ಅದನ್ನ ನಿಲ್ಸೋ, ತುತ್ತು ಗಂಟಲಲ್ಲಿ ಇಳಿಯಲ್ಲ," ಎಂದು ಅಕ್ಕ ಅತ್ತಳು. ನಾನು ಭಾವನ ಕಂಪ್ಯೂಟರಿನಲ್ಲಿದ್ದ ಆ ಅಪ್ಲಿಕೇಶನ್ನಿನ ಪ್ರಾಜೆಕ್ಟನ್ನೇ ಅಳಿಸಿಹಾಕಿದೆ. ಮರುದಿನವೂ ಫೋನ್ ಬಂತು.

ಮ್ಯಾನೇಜರ್ ಹಣೆ ಚಚ್ಚಿಕೊಂಡರು. "ಮೊದಲು ಸರ್ವರ್‌ನಿಂದ ಇಳಿಸ್ಬೇಕು, ಆಮೇಲೆ ತಾನೇ ಪ್ರಾಜೆಕ್ಟ್ ಅಳಿಸೋದು? ಇನ್ನು ಅದು ಹೇಳೋರು ಕೇಳೋರು ಇಲ್ದೆ ಓಡ್ತಾನೇ ಇರತ್ತೆ ಕಣಯ್ಯಾ."

ಸರ್ವರ್‌ನಲ್ಲಿ ಎಷ್ಟು ತಡಕಿದರೂ ಅದರ ಸುಳಿವಿಲ್ಲ. ಫೋನ್ ಹೋಗುವ ಹೊತ್ತಿಗೆ ಮಾತ್ರ ಫ್ಯಾನು ಏದುಸಿರು ಬಿಡುವಂತೆ ಸದ್ದು ಮಾಡುತ್ತಿತ್ತು. ಕೊನೆಗೆ ವೈರು ಕಿತ್ತು, ಆ ಸರ್ವರನ್ನೇ ಗುಜರಿಗೆ ಹಾಕಿದೆವು. ಆಮೇಲೆ ಅಕ್ಕ ಫೋನಿನ ಮಾತೆತ್ತಲಿಲ್ಲ, ನಿಂತಿತೆಂದುಕೊಂಡೆ.

ಮೊನ್ನೆ ಮಧ್ಯಾಹ್ನ ಅದಿದ್ದ ಜಾಗದ ಮೇಲೆ ಸುಮ್ಮನೆ ಕೈಯಿಟ್ಟೆ. ಎಸಿಯ ಚಳಿಗೆ ಕೋಣೆಯೆಲ್ಲ ಕೊರೆಯುತ್ತಿತ್ತು, ಆ ಖಾಲಿ ಕಬ್ಬಿಣದ ಹಲಗೆ ಮಾತ್ರ ಜ್ವರದ ಮೈಯಂತೆ ಸುಡುತ್ತಿತ್ತು. ಎಲ್ಲಿಂದಲೋ ಅದೇ ಏದುಸಿರು. ಹೆದರಿ ಅಕ್ಕನಿಗೆ ಫೋನ್ ಮಾಡಿದರೆ ಎಂಗೇಜ್. ಎಷ್ಟು ಸಲ ಮಾಡಿದರೂ ಎಂಗೇಜ್.

ಸಂಜೆ ಅಕ್ಕನ ಮನೆಗೆ ಓಡಿದೆ. ಅಕ್ಕ ಗೋಡೆಗೊರಗಿ ಕೂತಿದ್ದಳು, ಫೋನ್ ಮಡಿಲಲ್ಲಿತ್ತು.

"ಮೊದಲೆಲ್ಲ ಕೇಳಿ ಇಟ್ಬಿಡ್ತಿದ್ರು," ಎಂದು ಪಿಸುಗುಟ್ಟಿದಳು. "ಈಗೀಗ ನಾನು ಉಂಡೆ ಅನ್ನೋವರೆಗೂ ಕಾಯ್ತಾರೆ ಕಣೋ. ಇವತ್ತು ಉಣ್ಣದೇನೇ ಉಂಡೆ ಅಂದೆ. ಇನ್ನೂ ಇಟ್ಟಿಲ್ಲ."