ಹೇಮಗುಡ್ಡದ ದಾರಿಯಲ್ಲಿ ಕಳಚಿದ ಗಾಲಿ

ನಾನು ರೊಟ್ಟಿ ಮುರಿದು ಬಾಯಿಗಿಡುವ ಹೊತ್ತಿಗೇ ಜನ ನಮ್ಮ ಬಾಗಿಲು ಬಡಿಯುತ್ತಾರೆ. ನಮ್ಮ ವೈನಿ ವಿರೂಪಾಕ್ಷಮ್ಮ ಗಂಗಾವತಿಯಲ್ಲಿ ಪೊಲೀಸ್ ಕೆಲಸದಿಂದ ನಿವೃತ್ತರಾದ ಮೇಲಾದರೂ ಮನೆಯಲ್ಲಿ ನೆಮ್ಮದಿ ಇರುತ್ತದೆ ಎಂದುಕೊಂಡಿದ್ದೆ. ಎಲ್ಲಿಯ ನೆಮ್ಮದಿ? ಅವರು ಪತ್ತೆ ಹಚ್ಚುತ್ತಾರೆ, ಮೈದುನನಾದ ನಾನು ಬೈಕ್ ಓಡಿಸುತ್ತೇನೆ, ಉಪವಾಸವನ್ನೂ ನಾನೇ ಮಾಡುತ್ತೇನೆ.

ಆ ದಿನ ಬಂದವಳು ಮೆಕ್ಯಾನಿಕ್ ವಾಹೀದನ ಹೆಂಡತಿ ಸಬೀನಾ.

“ಅಕ್ಕಾರ, ಶರಣಬಸಪ್ಪನೋರ ಭತ್ತ ಕೊಯ್ಯೋ ಮಷೀನಿನ ಎಡಗಾಲಿ ಹೇಮಗುಡ್ಡದ ದಾರ್ಯಾಗ ಕಳಚಿ ಬಿತ್ರಿ. ಡ್ರೈವರ್ ಕಲ್ಲೇಶನ ಕಾಲು ಮುರದೈತಿ. ನಮ್ಮನಿಯವ್ರು ಬೇಕಂತ ನಟ್ಟು ಸಡಿಲ ಬಿಟ್ಟಾರಂತ ಊರೆಲ್ಲ ಹೇಳಾಕತ್ಯಾರ. ಸಂಜಿಗೆ ಕೇಸ್ ಕೊಡ್ತಾರಂತ. ಕೇಸಾದ್ರ ನಮ್ಮ ಗ್ಯಾರೇಜಿಗೆ ಯಾರು ಬರ್ತಾರ್ರಿ?”

“ಸಡಿಲ ಬಿಟ್ಟಿದ್ನೇನು?” ವೈನಿ ಕೇಳಿದರು.

“ಟಾರ್ಕ್ ಪಾನಾದಲೆ ಬಿಗಿ ಮಾಡ್ಯಾರ್ರಿ. ಒಂದೊಂದು ನಟ್ಟಿಗೂ ಟಕ್ ಅಂದಿದ್ದು ಶರಣಬಸಪ್ಪನೋರ ಮನಿಮಂದಿಯೆಲ್ಲ ಕೇಳ್ಯಾರ.”

ಟಾರ್ಕ್ ಪಾನಾ ಎಂಬ ಆ ಸ್ಪ್ಯಾನರಿಗೆ ಎಷ್ಟು ಬಿಗಿ ಬೇಕೆಂದು ಮೊದಲೇ ಗುರುತಿಟ್ಟಿರುತ್ತಾರೆ. ಅಷ್ಟು ಬಿಗಿಯಾದ ಕೂಡಲೇ ಅದು ಟಕ್ ಎನ್ನುತ್ತದೆ. ಹಾಗೆ ಬಿಗಿದ ನಟ್ಟು ಬಿಚ್ಚಿಕೊಂಡಿದ್ದು ಹೇಗೆ? ವೈನಿ ಆಗಲೇ ಚಪ್ಪಲಿ ಮೆಟ್ಟಿಕೊಂಡಿದ್ದರು. ನನ್ನ ರೊಟ್ಟಿ ತಟ್ಟೆಯಲ್ಲೇ ಉಳಿಯಿತು.

ಕನಕಗಿರಿ ರಸ್ತೆಯ ಬದಿಗಿದ್ದ ಶರಣಬಸಪ್ಪನ ಅಂಗಳಕ್ಕೆ ಮಷೀನನ್ನು ಎಳೆದು ತಂದಿದ್ದರು. ವಾಹೀದ ಗೋಡೆಗೊರಗಿ ಬಾಯಿ ಹೊಲಿದುಕೊಂಡು ಕೂತಿದ್ದ. ಮಾತೆಲ್ಲ ಶರಣಬಸಪ್ಪನದೇ.

“ಹಬ್ಬದ ಪಾಡ್ಯದ ಹಿಂದಿನ ದಿನ ಇವ ಗಾಲಿ ಬಿಚ್ಚಿಟ್ಟು ಬೇರಿಂಗ್ ತರಾಕ ಗಂಗಾವತಿಗೆ ಹೋದ. ಸಂಜಿಮುಂದ ಬಂದು ಹಾಕ್ದ. ಆಮ್ಯಾಲ ಗೇಟಿಗೆ ಕೀಲಿ, ಒಳಗ ನಾಯಿ. ಪಾಡ್ಯಕ್ಕ ಮಷೀನಿನ ಪೂಜಿ ಮುಗಿಸಿ ಹೊಲಕ್ಕ ಕಳಿಸಿದ್ರ ಎರಡನೇ ದಿನಾನ ಕಳಚೈತಿ.”

“ಹಂಗಾರ ಬಿಗಿ ಮಾಡಿದ್ದು ನೀವ ಕೇಳೀರಿ. ಹೊರಗಿನವ್ರು ಯಾರೂ ಬಂದಿಲ್ಲ,” ಎಂದರು ವೈನಿ.

“ಹೌದ್ರಿ.”

“ಮತ್ತ ಇವನ ಮ್ಯಾಲ ಯಾಕ ಕೇಸು?”

“ಮತ್ತ ಯಾರ ಮ್ಯಾಲ ಕೊಡ್ಲಿ?”

ಇಂಥ ನ್ಯಾಯ ಕೇಳುವುದಕ್ಕೆ ನಾನು ಊಟ ಬಿಟ್ಟು ಬಂದಿದ್ದೆ.

ವೈನಿ ಬೋಲ್ಟುಗಳನ್ನು ಮುಟ್ಟಿ ನೋಡಿದರು. ಒಂದೂ ಮುರಿದಿರಲಿಲ್ಲ. ಬಲಗಾಲಿಯ ಬಣ್ಣ ಹಳೆಯದಾಗಿ ಮಾಸಿತ್ತು; ಕಳಚಿಬಿದ್ದ ಎಡಗಾಲಿ ಮಾತ್ರ ಹೊಸ ಹಳದಿ ಬಣ್ಣದಲ್ಲಿ ಹೊಳೆಯುತ್ತಿತ್ತು. ಅದನ್ನು ಹೊರಳಿಸಲು ಹೇಳಿದರು. ನಾನು ಏದುಸಿರು ಬಿಡುತ್ತ ಹೊರಳಿಸಿದೆ. ತಲೆಯ ಪಿನ್ನು ತೆಗೆದು ಹಿಂಬದಿಯನ್ನು ಕೆರೆದರು.

“ಗೊತ್ತಾತೇನ್ರಿ ವೈನಿ?”

“ಎಲ್ಲಾರನ್ನೂ ಕರಿ,” ಎಂದರಷ್ಟೇ. ನನಗೊಬ್ಬನಿಗೆ ಮೊದಲು ಹೇಳಿದ್ದರೆ ಅವರ ಗಂಟೇನು ಹೋಗುತ್ತಿತ್ತು?

ಮನೆಮಂದಿ, ಅಕ್ಕಪಕ್ಕದವರು ಸೇರಿದರು.

“ನಟ್ಟು ಯಾರೂ ಬಿಚ್ಚಿಲ್ಲ,” ವೈನಿ ಶುರುಮಾಡಿದರು. “ವಾಹೀದ ಸಡಿಲ ಬಿಟ್ಟೂ ಇಲ್ಲ. ಪಾನಾ ಟಕ್ ಅಂದಿದ್ದು ಖರೇ. ಆದ್ರ ಗಾಲಿ ಕಬ್ಬಿಣಕ್ಕ ಕಬ್ಬಿಣ ಹತ್ತಿ ಕೂಡ್ರಬೇಕು. ಇಲ್ಲಿ ನಡುವ ಬಣ್ಣ ಐತಿ. ಪಾನಾಕ್ಕ ಬಣ್ಣ ಯಾವ್ದು, ಕಬ್ಬಿಣ ಯಾವ್ದು ತಿಳಿಯಂಗಿಲ್ಲ. ಮಷೀನು ಹೊಲದಾಗ ಕುಣಿದಂಗ ಬಣ್ಣ ಜಜ್ಜಿ ಹೋತು. ಅದು ಹೋದಷ್ಟು ನಟ್ಟು ಸಡಿಲಾತು.”

“ಬಣ್ಣ ಯಾರು ಹಚ್ಚಿದ್ರು?” ಯಾರೋ ಕೇಳಿದರು.

“ಗಾಲಿ ಕೂಡ್ರಿಸಿದ ಮ್ಯಾಲ ಹಿಂದ ಬ್ರಷ್ ಹೋಗಂಗಿಲ್ಲ. ಅಂದ್ರ ಬಿಚ್ಚಿಟ್ಟಾಗ ಹಚ್ಚ್ಯಾರ. ಬಲಗಾಲಿ ಬಿಚ್ಚಿರಲಿಲ್ಲ, ಅದಕ್ಕ ಹೊಸ ಬಣ್ಣಾನೂ ಇಲ್ಲ. ವಾಹೀದ ಬೇರಿಂಗ್ ತರಾಕ ಹೋದಾಗ ಅಂಗಳದಾಗ ಯಾರಿದ್ರು, ಶರಣಬಸಪ್ಪಾರ?”

ಶರಣಬಸಪ್ಪನ ದನಿ ಇಳಿಯಿತು. “ಹಬ್ಬಕ್ಕ ಛಲೋ ಕಾಣ್ಲಿ ಅಂತ ಹಚ್ಚಿದ್ನಿರಿ. ಹಿಂದ ಮುಂದ ಎರಡೆರಡು ಸಲ. ಒಂದ ಗಾಲಿಗೆ ಡಬ್ಬಿ ಖಾಲಿ ಆತು.”

ವೈನಿ ವಾಹೀದನ ಕಡೆ ತಿರುಗಿದರು. “ನಿನಗೂ ಬಣ್ಣ ಕಂಡಿರಬೇಕು. ಕೆರೆದು ಹಾಕ್ಬೇಕಂತ ಗೊತ್ತಿದ್ದಿಲ್ಲೇನು?”

“ಗೊತ್ತಿತ್ರಿ. ಹಬ್ಬಕ್ಕಂತ ಹಚ್ಚ್ಯಾರ, ಅವ್ರ ಪೂಜಿ ಬಣ್ಣ ನಾನು ಹೆಂಗ ಕೆರೀಲ್ರಿ? ಪೂಜಿ ಆದಮ್ಯಾಲ ಬಣ್ಣ ತೆಗೆದು ಮತ್ತ ಬಿಗಿ ಮಾಡಿದ್ರಾತಂದು ಮನಿಗೆ ಹೋದೆ. ತಿರುಗಿ ಬರೋದ್ರಾಗ ಮಷೀನು ಹೊಲಕ್ಕ ಹೋಗಿತ್ತು.”

“ಮತ್ತ ಇಷ್ಟೊತ್ತು ಯಾಕ ಸುಮ್ಮನಿದ್ದಿ?” ನಾನೇ ರೇಗಿದೆ.

“ಹಬ್ಬದ ಮ್ಯಾಲ ತಪ್ಪು ಹಾಕಿದಂಗ ಆಕ್ಕಿತ್ರಿ.”

ನನಗೆ ಇಬ್ಬರನ್ನೂ ಹಿಡಿದು ಬೈಯಬೇಕೆನಿಸಿತು. ಒಬ್ಬ ಕೇಳದೆ ಹಚ್ಚಿದ, ಇನ್ನೊಬ್ಬ ನೋಡಿಯೂ ಹೇಳಲಿಲ್ಲ. ಇಬ್ಬರ ನಡುವೆ ಕಲ್ಲೇಶ ಆಸ್ಪತ್ರೆ ಸೇರಿದ. ಸಬೀನಾ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಶರಣಬಸಪ್ಪ ವಾಹೀದನ ಸಾಮಾನಿನ ಪೆಟ್ಟಿಗೆಯಿಂದ ಚೂಪಾದ ಸಲಕರಣೆಯೊಂದನ್ನು ಎತ್ತಿಕೊಂಡು ಗಾಲಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಕೆರೆಯತೊಡಗಿದ. ಹಳದಿ ಚೂರುಗಳು ಅವನ ಧೋತರದ ಮೇಲೆ ಬಿದ್ದವು.

“ಒಂದ್ ಮಾತು ಹೇಳ್ಬೇಕಿತ್ತಲ್ಲೋ ತಮ್ಮಾ,” ಎಂದ ತಲೆಯೆತ್ತದೆ. “ನಾನ ಕೆರೀತಿದ್ದೆ.”

ವಾಹೀದ ಪಕ್ಕಕ್ಕೆ ಕೂತು ಗಾಲಿಯನ್ನು ಅಲುಗದಂತೆ ಹಿಡಿದುಕೊಂಡ. ಹಿಂಬದಿಯೆಲ್ಲ ಬರೀ ಕಬ್ಬಿಣವಾದ ಮೇಲೆ ಶರಣಬಸಪ್ಪ ಎದ್ದು ಧೋತರ ಕೊಡವಿಕೊಂಡ.

“ಇದನ್ನ ನಾಳಿಗೆ ಹಾಕು. ಕೇಸು ಬ್ಯಾಡ, ಈಗ ಆಸ್ಪತ್ರಿಗೆ ನಡಿ. ಕಲ್ಲೇಶಗ ತಪ್ಪು ನಮ್ಮದಂತ ಇಬ್ಬರೂ ಕೂಡಿ ಹೇಳೂಣು.”